ಅತ್ತೆ ಜೊತೆ ಬ್ಯಾಂಕಾಕಿನಲ್ಲೊಂದು ಮಧ್ಯಾಹ್ನ

"ಬ್ಯಾಂಕಾಕಿಗಾ? ಅತ್ತೆ ಜೊತೆನಾ?"

ರಜೆ ಕೇಳಿದಾಗ ನನ್ನ ಟೀಮಿನವರು ನಕ್ಕಿದ್ದು ನೋಡಬೇಕಿತ್ತು. ನಕ್ಕಿದ್ದರಲ್ಲಿ ತಪ್ಪೇನಿಲ್ಲ ಬಿಡಿ. ನನಗೂ ಒಳಗೊಳಗೆ ಅದೇ ಅನಿಸಿತ್ತು. ಗಂಡನಿಗೆ ಅಲ್ಲಿ ಮೂರು ದಿನದ ಕಾನ್ಫರೆನ್ಸ್. ಹೇಗೂ ಹೋಟೆಲ್ ರೂಮು ಆಫೀಸಿನದು, ನೀನೂ ಬಾ ಅಂದಿದ್ದ. ನಾನು ಖುಷಿಯಾಗಿ ಶಾಪಿಂಗ್ ಪಟ್ಟಿ ಮಾಡ್ಕೊಂಡು ಕೂತಿರುವಾಗ, "ಅಮ್ಮನ್ನೂ ಕರ್ಕೊಂಡು ಹೋಗೋಣ್ವಾ? ಅವಳಿಗೆ ಪಕ್ಕದಲ್ಲೇ ಇನ್ನೊಂದು ರೂಮು ತಗೊಂಡ್ರಾಯ್ತು. ಒಂದ್ಸಲ ವಿಮಾನ ಹತ್ತಿದ ಹಾಗಾಗುತ್ತೆ" ಅಂದ. ಬೇಡ ಅನ್ನೋಕೆ ಕಾರಣ ಹುಡುಕಿದೆ, ಸಿಗಲಿಲ್ಲ.

ಅವನ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಅದನ್ನ ಹೇಳದಿದ್ರೆ ಈ ಕಥೆ ಅರ್ಥ ಆಗಲ್ಲ.

ಮಾವ ತೀರಿಕೊಂಡು ಎರಡು ವರ್ಷ. ಅತ್ತೆ ಅರಸೀಕೆರೆಯ ಮನೆಯಲ್ಲಿ ಒಬ್ಬರೇ ಇದಾರೆ. ಹಿತ್ತಲಲ್ಲಿ ಆರು ತೆಂಗಿನಮರ, ಒಂದು ಬಾವಿ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ರು. ಏಳೋಕಾಗದೆ ಸುಮಾರು ಒಂದು ಗಂಟೆ ಒದ್ದೆ ನೆಲದಲ್ಲೇ ಇದ್ರು. ಹಾಲು ಹಾಕೋ ಹುಡುಗ ಬಾಗಿಲು ತಟ್ಟಿ, ದನಿ ಕೇಳಿ, ಹಿತ್ತಲಿಂದ ಬಂದು ಎಬ್ಬಿಸಿದ. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ. ಆದ್ರೆ ಅವತ್ತಿಂದ ನನ್ನ ಗಂಡನಿಗೆ ನಿದ್ದೆ ಇಲ್ಲ. "ಮನೆ ಮಾರಿಬಿಡೋಣ, ಅಮ್ಮ ನಮ್ಮ ಜೊತೆ ಬೆಂಗಳೂರಲ್ಲೇ ಇರಲಿ" ಅಂತ ಹಟ ಹಿಡಿದ. ಪಾರ್ಟಿನೂ ಸಿಕ್ಕಿದ್ದ. ಬ್ಯಾಂಕಾಕಿಂದ ವಾಪಸ್ ಬಂದ ವಾರವೇ ಅಡ್ವಾನ್ಸ್ ತಗೊಳ್ಳೋದು ಅಂತ ಮಾತಾಗಿತ್ತು. ಅಷ್ಟರಲ್ಲಿ ಅಮ್ಮನ್ನ ಸ್ವಲ್ಪ ತಿರುಗಾಡಿಸಿ, ಮನಸ್ಸು ಹಗುರ ಮಾಡಿ, ಒಪ್ಪಿಸೋದು ಅವನ ಪ್ಲಾನು.

ಅತ್ತೆ ಹೂಂ ಅಂದಿರಲಿಲ್ಲ. ಊಹೂಂ ಅಂತಲೂ ಅಂದಿರಲಿಲ್ಲ. ನಾನು? ನಮ್ಮದು ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಎರಡನೇ ರೂಮಲ್ಲಿ ನನ್ನ ಲ್ಯಾಪ್‌ಟಾಪು, ಮೀಟಿಂಗು, ನನ್ನ ಏಕಾಂತ. ಬಾಯಲ್ಲಿ "ಬನ್ನಿ ಅತ್ತೆ, ನಮಗೂ ಜೊತೆ ಆಗುತ್ತೆ" ಅಂತಿದ್ದೆ. ಹೊಟ್ಟೆಯಲ್ಲಿ ಸಣ್ಣ ನಡುಕ. ಇದನ್ನ ಇಲ್ಲಿ ಬರೆಯೋಕೂ ನಾಚಿಕೆ ಆಗ್ತಿದೆ. ಆದ್ರೆ ನಿಮ್ಮಲ್ಲಿ ಎಷ್ಟೋ ಜನರಿಗೆ ಈ ನಡುಕದ ಪರಿಚಯ ಇದ್ದೇ ಇರುತ್ತೆ.

ಮೂರನೇ ದಿನ ಗಂಡ ಕಾನ್ಫರೆನ್ಸಿಗೆ ಹೋದ. ರೂಮಲ್ಲಿ ಉಳಿದಿದ್ದು ನಾವಿಬ್ಬರೇ. ನಾನು ಮಾಲ್ ಕಡೆ ಮುಖ ಮಾಡ್ಕೊಂಡಿದ್ದೆ.

"ಅಲ್ಲೆಲ್ಲೋ ಮಲಗಿರೋ ಬುದ್ಧ ಇದಾನಂತಲ್ಲ, ಅದನ್ನ ನೋಡಬೇಕು ಕಣಮ್ಮ" ಅಂದ್ರು ಅತ್ತೆ. "ನಿಮ್ಮ ಮಾವ ಸ್ಕೂಲಲ್ಲಿ ಪಾಠ ಮಾಡೋವಾಗ ಒಂದು ಚಿತ್ರ ತೋರಿಸ್ತಿದ್ರು."

ಹೀಗೆ ನಾವು ಮೆಟ್ರೋ ಹತ್ತಿದ್ವಿ. ಸುಖುಮ್ವಿತ್‌ನಿಂದ ನೀಲಿ ಲೈನಲ್ಲಿ ನೇರವಾಗಿ ಸನಾಮ್ ಚಾಯ್ ಸ್ಟೇಷನ್. 2019ರಲ್ಲಿ ಶುರುವಾದ ಈ ನೆಲದಡಿಯ ಸ್ಟೇಷನ್ನನ್ನ ಅರಮನೆಯ ಹಜಾರದ ಹಾಗೆ ಕಟ್ಟಿದಾರೆ. ಅತ್ತೆ ಎಸ್ಕಲೇಟರ್ ಮುಂದೆ ನಿಂತು ನನ್ನ ಕೈ ಹಿಡ್ಕೊಂಡ್ರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವರು ನನ್ನ ಕೈ ಹಿಡ್ಕೊಂಡಿದ್ದು ಅದೇ ಮೊದಲು ಅಂತ ಕಾಣುತ್ತೆ.

ಸ್ಟೇಷನ್ನಿಂದ ದೇವಸ್ಥಾನಕ್ಕೆ ಐದಾರು ನಿಮಿಷದ ನಡಿಗೆ. ಅತ್ತೆ ಮಂಡಿನೋವಿಗೆ ಹತ್ತು ನಿಮಿಷ ಅಂತಿಟ್ಕೊಳ್ಳಿ. ದಾರಿಯಲ್ಲಿ ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ದ ಒಬ್ಬ ಸಿಕ್ಕಿದ. ತುಂಬಾ ವಿನಯದಿಂದ, ಇವತ್ತು ದೇವಸ್ಥಾನ ಮುಚ್ಚಿದೆ, ನನ್ನ ಪರಿಚಯದ ತುಕ್-ತುಕ್ ಇದೆ, ಬೇರೆ ಕಡೆ ಕರ್ಕೊಂಡು ಹೋಗ್ತಾನೆ ಅಂದ. ನಾನು ಫೋನ್ ತೆಗೆದು ಗೂಗಲ್ ಮಾಡೋಕೆ ಹೋದೆ.

"ಏನಂತೆ?" ಅಂದ್ರು ಅತ್ತೆ. ಹೇಳಿದೆ.

"ಮುಚ್ಚಿದ್ರೆ ಅಷ್ಟು ಜನ ಒಳಗೆ ಯಾಕೆ ಹೋಗ್ತಿದಾರೆ? ನಡಿ ನೀನು."

ಆ ಏರಿಯಾದಲ್ಲಿ ಟೂರಿಸ್ಟುಗಳಿಗೆ ಟೋಪಿ ಹಾಕೋ ಹಳೇ ಉಪಾಯ ಇದು. ಯಾರಾದ್ರೂ ನಿಮಗೂ ಹೀಗೆ ಹೇಳಿದ್ರೆ ನಗುನಗುತ್ತಾ ಮುಂದೆ ನಡೀರಿ. ಗೇಟಿನ ತನಕ ಹೋಗಿ ಕಣ್ಣಾರೆ ನೋಡಿ.

ದೇವಸ್ಥಾನದ ಹೆಸರು ವಾಟ್ ಪೋ. ವಾಟ್ ಅಂದ್ರೆ ವಿಹಾರ. ಪೋ ಅನ್ನೋದು ಬೋಧಿ ಮರದ ಬೋಧಿಯಿಂದ ಬಂದದ್ದು. ಅದರ ಅಧಿಕೃತ ಹೆಸರು ಇನ್ನೂ ಉದ್ದ ಇದೆ, ಅದರಲ್ಲಿ ಚೇತುಪೋನ್ ಅನ್ನೋ ಮಾತು ಬರುತ್ತೆ. ಅದು ಬುದ್ಧ ಎಷ್ಟೋ ಮಳೆಗಾಲ ಕಳೆದ ಜೇತವನ. ಥಾಯ್ ಭಾಷೆಯಲ್ಲಿ ಹೀಗೆ ನಮ್ಮ ಪದಗಳೇ ವೇಷ ಬದಲಾಯಿಸಿಕೊಂಡು ಓಡಾಡ್ತಾ ಇರ್ತವೆ. ಏರ್‌ಪೋರ್ಟಿನ ಹೆಸರು ಸುವರ್ಣಭೂಮಿ. ನಮಸ್ಕಾರಕ್ಕೆ ಅವರು ಹೇಳೋ 'ಸವಾತ್‌ದೀ' ನಮ್ಮ ಸ್ವಸ್ತಿ. ಸಸ್ಯಾಹಾರ ಬೇಕಾದ್ರೆ 'ಮಾಂಗ್ಸವಿರತ್' ಅನ್ನಬೇಕು, ಅಂದ್ರೆ ಮಾಂಸವಿರತಿ! ಇದೊಂದು ಪದ ಕಲಿತ ಮೇಲೆ ಅತ್ತೆಗೆ ಊಟದ ಚಿಂತೆ ಅರ್ಧ ಕಮ್ಮಿ ಆಯ್ತು.

ನಾವು ಹೋದಾಗ ಟಿಕೆಟ್ ತಲೆಗೆ 300 ಬಾತ್. ಭುಜ, ಮಂಡಿ ಮುಚ್ಚೋ ಬಟ್ಟೆ ಇರಬೇಕು. ಅತ್ತೆಯ ಇಳಕಲ್ ಸೀರೆಗೆ ಯಾವ ತಕರಾರೂ ಇರಲಿಲ್ಲ. ನಾನು ಮಾತ್ರ ದುಪಟ್ಟಾ ಹೊದ್ಕೊಂಡೆ.

ಚಪ್ಪಲಿ ಬಿಚ್ಚಿ ಒಳಗೆ ಹೋದ್ವಿ. ಮೊದಲು ಕಂಡಿದ್ದು ಕಂಬಗಳ ಮಧ್ಯೆ ಚಿನ್ನದ ಬಣ್ಣದ ಒಂದು ದೊಡ್ಡ ಮುಖ. ಆಮೇಲೆ ಭುಜ, ಆಮೇಲೆ ನಡ. ನಡೀತಾನೇ ಇದೀವಿ, ಬುದ್ಧ ಮುಗೀತಾನೇ ಇಲ್ಲ. 46 ಮೀಟರ್ ಉದ್ದ, 15 ಮೀಟರ್ ಎತ್ತರ. ಮೂರನೇ ರಾಮ ಅನ್ನೋ ರಾಜನ ಕಾಲದಲ್ಲಿ, 1832ರಲ್ಲಿ ಕಟ್ಟಿಸಿದ್ದು. ಒಳಗೆ ಇಟ್ಟಿಗೆ, ಮೇಲೆ ಗಾರೆ, ಅದರ ಮೇಲೆ ಚಿನ್ನದ ರೇಕು. ಇಡೀ ವಿಗ್ರಹವನ್ನ ಒಂದೇ ಫೋಟೋದಲ್ಲಿ ಹಿಡಿಯೋಣ ಅಂದ್ರೆ ಕಂಬಗಳು ಅಡ್ಡ ಬರ್ತವೆ. ನಾನು ಪ್ರಯತ್ನ ಬಿಡಲಿಲ್ಲ. ಅತ್ತೆ ಫೋಟೋ ಗೊಡವೆಗೇ ಹೋಗಲಿಲ್ಲ, ಸುಮ್ಮನೆ ತಲೆಯೆತ್ತಿ ನಿಂತಿದ್ರು.

"ಕಣ್ಣು ಬಿಟ್ಕೊಂಡೇ ಮಲಗಿದಾನಲ್ಲೇ" ಅಂದ್ರು.

ಬಲಮಗ್ಗುಲಲ್ಲಿ ಮಲಗಿರೋದು ಬುದ್ಧನ ಕೊನೆಯ ವಿಶ್ರಾಂತಿಯ ಭಂಗಿ, ಪರಿನಿರ್ವಾಣ. ಕುಶಿನಗರದಲ್ಲಿ ಎರಡು ಸಾಲವೃಕ್ಷಗಳ ನಡುವೆ ಹೀಗೇ ಮಲಗಿದ್ದನಂತೆ. ಫೋನಲ್ಲಿ ಓದಿದ್ದನ್ನ ಅತ್ತೆಗೆ ಹೇಳೋಕೆ ಹೊರಟೆ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಶಿಷ್ಯ ಆನಂದ ಬಾಗಿಲ ಹತ್ರ ನಿಂತು ಅಳ್ತಿದ್ನಂತೆ. ಬುದ್ಧ ಅವನನ್ನ ಕರೆಸಿ ಸಮಾಧಾನ ಹೇಳಿದ್ನಂತೆ. ಸಾಯೋವನು ಇರೋವನಿಗೆ ಧೈರ್ಯ ಹೇಳೋದು! ಅದಕ್ಕೂ ಮುಂಚೆನೇ ಹೇಳಿದ್ನಂತಲ್ಲ, ನಿಮಗೆ ನೀವೇ ಆಸರೆ ಆಗಿರಿ ಅಂತ. ನಿಮ್ಮ ಮಾವ ಈ ಪಾಠ ಮಾಡಿ ಬಂದ ದಿನ ಮನೇಲಿ ನನಗೂ ಇನ್ನೊಂದ್ಸಲ ಮಾಡ್ತಿದ್ರು."

ಪಾದದ ಹತ್ರ ಬಂದ್ವಿ. ಎರಡೂ ಅಂಗಾಲಿನ ಮೇಲೆ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆಗಳನ್ನ ಬಿಡಿಸಿದಾರೆ. ಬೆನ್ನ ಹಿಂದಿನ ಸಾಲಿನಲ್ಲಿ 108 ಕಂಚಿನ ಬಟ್ಟಲು. 20 ಬಾತ್ ಕೊಟ್ರೆ ಒಂದು ಪುಟ್ಟ ಬಟ್ಟಲ ತುಂಬಾ ಚಿಲ್ಲರೆ ಕೊಡ್ತಾರೆ. ಒಂದೊಂದು ಬಟ್ಟಲಿಗೆ ಒಂದೊಂದು ನಾಣ್ಯ ಹಾಕ್ತಾ ಹೋಗಬೇಕು. ಠಣ್, ಠಣ್, ಠಣ್ ಅಂತ ಇಡೀ ಹಜಾರದಲ್ಲಿ ಅದೇ ಸದ್ದು.

ಅತ್ತೆ ಶುರು ಮಾಡಿದ್ರು. ಒಂದು ನಾಣ್ಯ ಹಾಕೋದು, ಸದ್ದು ಪೂರ್ತಿ ನಿಲ್ಲೋವರೆಗೂ ಕಾಯೋದು, ಆಮೇಲೆ ಮುಂದಿನದಕ್ಕೆ ಹೋಗೋದು. ಹಿಂದಿದ್ದವರೆಲ್ಲ ನಮ್ಮನ್ನ ದಾಟಿ ಹೋದ್ರು. ನಾನು ಎರಡು ಸಲ ಟೈಮ್ ನೋಡ್ಕೊಂಡೆ. "ಸ್ವಲ್ಪ ಬೇಗ ಅತ್ತೆ" ಅಂತ ಬಾಯಿ ತುದಿಗೆ ಬಂದಿತ್ತು, ತಡ್ಕೊಂಡೆ. ಕೊನೆಗೆ ಇನ್ನೂ ನಾಲ್ಕು ಬಟ್ಟಲು ಇರೋವಾಗ ಅವರ ಚಿಲ್ಲರೆ ಖಾಲಿ. ಅತ್ತೆ ಪೆಚ್ಚಾಗಿ ನನ್ನ ಮುಖ ನೋಡಿದ್ರು. ಪರ್ಸಿಂದ ಒಂದೊಂದು ಬಾತಿನ ನಾಲ್ಕು ನಾಣ್ಯ ತೆಗೆದು ಕೊಟ್ಟೆ.

"ಏನು ಬೇಡ್ಕೊಂಡ್ರಿ?" ಅಂದೆ.

"ಎಣಿಸ್ತಿದ್ದೆ ಕಣೇ. ಬೇಡ್ಕೊಳ್ಳೋಕೆ ಪುರುಸೊತ್ತೆಲ್ಲಿತ್ತು?"

ವಾಟ್ ಪೋ ಅಂದ್ರೆ ಬರೀ ಆ ಒಂದು ವಿಗ್ರಹ ಅಂದ್ಕೊಂಡು ಬಹಳ ಜನ ಅಲ್ಲಿಂದಲೇ ವಾಪಸ್ ಹೋಗ್ತಾರೆ. ನೀವು ಹಾಗೆ ಮಾಡಬೇಡಿ. ಹೊರಗೆ ಅಂಗಳದ ಮೇಲೆ ಅಂಗಳ. ಮೊದಲ ನಾಲ್ಕು ರಾಮರಾಜರ ಹೆಸರಿನ ನಾಲ್ಕು ಎತ್ತರದ ಸ್ತೂಪ, ಮೈತುಂಬಾ ಬಣ್ಣದ ಹೆಂಚಿನ ಹೂವು. ಬಾಗಿಲುಗಳ ಪಕ್ಕ ಚೀನೀ ಮುಖದ ಕಲ್ಲಿನ ಕಾವಲುಗಾರರು. ಚೀನಾದಿಂದ ಬರೋ ಹಡಗುಗಳು ಹಗುರಾಗಿ ಓಲಾಡದೆ ಇರಲಿ ಅಂತ ತಳದಲ್ಲಿ ಭಾರಕ್ಕೆ ಹಾಕ್ಕೊಂಡು ಬರ್ತಿದ್ದ ಕಲ್ಲುಗಳಂತೆ ಇವು. ಮುಖ್ಯ ಮಂದಿರದ ಸುತ್ತ ಅಮೃತಶಿಲೆಯ 152 ಫಲಕಗಳಲ್ಲಿ ರಾಮಾಯಣ, ಅವರ ಬಾಯಲ್ಲಿ ರಾಮಕಿಯೆನ್. ಅತ್ತೆ ಹನುಮಂತನನ್ನ ತಕ್ಷಣ ಗುರುತು ಹಿಡಿದು ಕೈ ಮುಗಿದ್ರು. ಇಲ್ಲಿನ ಹನುಮಂತ ಬ್ರಹ್ಮಚಾರಿ ಅಲ್ಲ, ದೊಡ್ಡ ಪ್ರೇಮಿ ಅಂತ ನಾನು ಹೇಳಿದ್ದೇ ತಪ್ಪಾಯ್ತು. ಮುಗಿದ ಕೈ ಹಾಗೇ ನಿಂತುಹೋಯ್ತು. "ಥೂ, ಹೋಗೇ!"

ಇನ್ನೊಂದು ಮೂಲೆಯಲ್ಲಿ ಕಲ್ಲುಬಂಡೆಗಳ ಮಧ್ಯೆ ಸಣ್ಣ ಸಣ್ಣ ಮೂರ್ತಿಗಳು. ಒಬ್ಬ ಕಾಲನ್ನ ಹಿಂದಕ್ಕೆ ತಿರುಚಿದಾನೆ, ಇನ್ನೊಬ್ಬ ಭುಜ ಒತ್ಕೊಂಡಿದಾನೆ. ಇವರು ಋಷಿಗಳು. ಥಾಯ್‌ನಲ್ಲೂ 'ರುಸಿ' ಅಂತಲೇ ಹೆಸರು. ಮೈಕೈ ನೋವಿಗೆ ಮಾಡೋ ವ್ಯಾಯಾಮದ ಭಂಗಿಗಳಂತೆ. ಮೂರನೇ ರಾಮ ತನ್ನ ಕಾಲದ ವೈದ್ಯ, ಮಾಲೀಸು, ಸಾಹಿತ್ಯ ಎಲ್ಲವನ್ನೂ ಕಲ್ಲಿನ ಮೇಲೆ ಬರೆಸಿ ಈ ಗೋಡೆಗಳಿಗೆ ಹಾಕಿಸಿದ. ಯಾರು ಬೇಕಾದ್ರೂ ಬಂದು ಓದಿ ಕಲೀಬಹುದಿತ್ತು. 2011ರಲ್ಲಿ ಯುನೆಸ್ಕೋ ಈ ಶಾಸನಗಳನ್ನ ಜಗತ್ತಿನ ನೆನಪಿನ ದಾಖಲೆಗಳ ಪಟ್ಟಿಗೆ ಸೇರಿಸಿತು. ಬುದ್ಧನ ಕಾಲದ ವೈದ್ಯ ಜೀವಕನನ್ನ ಇಲ್ಲಿನ ಮಾಲೀಸಿನವರು ಇವತ್ತಿಗೂ ಗುರು ಅಂತ ನೆನೀತಾರೆ. 1955ರಿಂದ ಇಲ್ಲಿ ಮಾಲೀಸು ಕಲಿಸೋ ಶಾಲೆಯೂ ಇದೆ.

ಆವರಣದ ಒಳಗೇ ಮಾಲೀಸಿನ ಕಟ್ಟಡ ಕಂಡಿತು. ಅತ್ತೆಯ ಮಂಡಿ ಆಗಲೇ ಊದ್ಕೊಂಡಿತ್ತು.

"ಅರ್ಧ ಗಂಟೆ ಬರೀ ಪಾದಕ್ಕೆ ಮಾಡಿಸ್ಕೊಳ್ಳಿ ಅತ್ತೆ."

"ಅಯ್ಯೋ ಬೇಡಪ್ಪ. ಗೊತ್ತಿಲ್ಲದೋರ ಕೈಲಿ ಕಾಲು ಒತ್ತಿಸ್ಕೊಳ್ಳೋದಾ?"

ಬಲವಂತ ಮಾಡಿ ಕೂರಿಸಿದೆ. ಸುಮಾರು ಐವತ್ತರ ಹೆಂಗಸೊಬ್ಬರು ಬಂದು ಮೊದಲು ಕೈ ಮುಗಿದು, ಆಮೇಲೆ ಅತ್ತೆಯ ಪಾದ ಮುಟ್ಟಿದ್ರು. ನಾನು ಮಂಡಿ ತೋರಿಸಿ ನೋವು ಅಂತ ಸನ್ನೆ ಮಾಡಿದೆ. ಅವರು ತಲೆಯಾಡಿಸಿ, ಮಂಡಿಯ ತಂಟೆಗೆ ಹೋಗದೆ ಅಂಗಾಲು, ಹಿಮ್ಮಡಿ, ಮೀನಖಂಡ ಮಾತ್ರ ಒತ್ತಿದ್ರು. ನಾನು ಪಕ್ಕದ ಕುರ್ಚಿಯಲ್ಲಿ ಆಫೀಸ್ ಮೆಸೇಜು ನೋಡ್ತಾ ಕೂತೆ. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿದ್ರೆ ಅತ್ತೆಯ ಕಣ್ಣಲ್ಲಿ ನೀರು.

"ನೋವಾಗ್ತಿದ್ಯಾ?"

"ಇಲ್ಲಮ್ಮ. ನಿಮ್ಮ ಮಾವ ಹೋದ್ಮೇಲೆ ನನ್ನ ಕಾಲು ಯಾರೂ ಮುಟ್ಟಿರಲಿಲ್ಲ. ಹಬ್ಬಕ್ಕೆ ಬಂದಾಗ ನಮಸ್ಕಾರ ಮಾಡೋಕೆ ಮುಟ್ತೀರಿ, ಅಷ್ಟೆ."

ನಾನು ಫೋನ್ ಬ್ಯಾಗಿಗೆ ಹಾಕಿದೆ. ಏನು ಹೇಳಬೇಕೋ ಗೊತ್ತಾಗಲಿಲ್ಲ.

ಅವರೇ ಮುಂದುವರಿಸಿದ್ರು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾನು ಬೆಂಗಳೂರಿಗೆ ಬರಲ್ಲ ಕಣೇ. ಮನೆ ಮಾರೋದೂ ಬೇಡ. ಪುಟ್ಟಂಗೆ ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ಅವನು ಹೆದರ್ಕೊಂಡಿದಾನೆ. ಆ ಹೆದರಿಕೆ ನೋಡಿದ್ರೆ ನನಗೇ ಅಯ್ಯೋ ಅನಿಸುತ್ತೆ. ಆದ್ರೆ ಅಲ್ಲಿ ಬಂದು ನಾನೇನು ಮಾಡ್ಲಿ? ನೀವಿಬ್ರೂ ಬಾಗಿಲು ಹಾಕ್ಕೊಂಡು ಕೆಲಸ ಮಾಡ್ತೀರಿ. ನಾನು ಟೀವಿ ಸೌಂಡ್ ಕಮ್ಮಿ ಮಾಡ್ಕೊಂಡು ಕೂರಬೇಕು. ಇಲ್ಲಾದ್ರೆ ಬೆಳಿಗ್ಗೆ ಎದ್ದು ಮರಕ್ಕೆ ನೀರು ಬಿಡ್ತೀನಿ, ಯಾರೋ ಬರ್ತಾರೆ, ಯಾರೋ ಹೋಗ್ತಾರೆ. ಒಂದ್ಸಲ ಬಿದ್ದೆ, ನಿಜ. ಬಿದ್ದವಳು ಎದ್ದೆನಲ್ಲ."

ಮಾಲೀಸಿನ ಹೆಂಗಸಿಗೆ ಒಂದಕ್ಷರವೂ ಅರ್ಥ ಆಗಿರಲಿಕ್ಕಿಲ್ಲ. ಆದ್ರೂ ಅವರ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು.

ಆ ಕ್ಷಣ ನನ್ನ ಮನಸ್ಸಿಗೆ ಮೊದಲು ಬಂದಿದ್ದು ಏನು ಗೊತ್ತಾ? ನೆಮ್ಮದಿ. ನನ್ನ ರೂಮು ಉಳೀತು ಅನ್ನೋ ನೆಮ್ಮದಿ. ಅದರ ಹಿಂದೆಯೇ ನಾಚಿಕೆ. ಆರು ತಿಂಗಳಿಂದ ಮನೆಯ ರೇಟು, ಪಾರ್ಟಿ, ಸಾಮಾನು ಸಾಗಿಸೋ ಲಾರಿ ಎಲ್ಲ ಮಾತಾಡಿದ್ವಿ. "ಅತ್ತೆ, ನಿಮಗೇನು ಬೇಕು?" ಅಂತ ಒಂದ್ಸಲವೂ ಕೇಳಿರಲಿಲ್ಲ. ಗಂಡ ಭಯಕ್ಕೆ ಕೇಳಲಿಲ್ಲ. ನಾನು ಉತ್ತರ ಏನು ಬರುತ್ತೋ ಅಂತ ಕೇಳಲಿಲ್ಲ.

ದೇವಸ್ಥಾನದ ಹತ್ತಿರವೇ ತಾ ತಿಯೆನ್ ಅನ್ನೋ ದೋಣಿ ಕಟ್ಟೆ. ಅಲ್ಲಿಂದ ಚಾವೋ ಪ್ರಾಯಾ ನದಿ ದಾಟಿದ್ರೆ ಆಚೆ ದಡದಲ್ಲಿ ವಾಟ್ ಅರುಣ್. ನಮ್ಮ ಅರುಣನ ಹೆಸರಿನದೇ, ಮುಂಜಾವಿನ ದೇವಸ್ಥಾನ. ಗೋಪುರದ ಮೈತುಂಬಾ ಚೀನೀ ಪಿಂಗಾಣಿಯ ಚೂರುಗಳು. ಅದರ ಕಡಿದಾದ ಮೆಟ್ಟಿಲು ನೋಡಿ ಅತ್ತೆ ಇಲ್ಲಿಂದಲೇ ಕೈ ಮುಗಿದ್ರು. ಹತ್ತೋದು ಬೇಡ, ದೋಣಿಯಲ್ಲಿ ಮಾತ್ರ ಹೋಗಿ ಬರೋಣ ಅಂತ ಆಯ್ತು. ಬಸ್ಸಿಗಿಂತ ಕಮ್ಮಿ ಚಿಲ್ಲರೆಯಲ್ಲಿ ನದಿ ದಾಟಿಸ್ತಾರೆ, ನಾಲ್ಕೈದು ನಿಮಿಷ ಅಷ್ಟೆ. ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಿತ್ತು.

ವಾಪಸ್ ಬರೋ ದೋಣಿಯಲ್ಲಿ ಧೈರ್ಯ ಮಾಡಿ ಹೇಳಿದೆ. "ಅತ್ತೆ, ನಾನೂ ಒಂದು ಹೇಳಬೇಕು. ನೀವು ಬರ್ತೀರಿ ಅಂದಾಗ ನನಗೂ ಸ್ವಲ್ಪ ಭಯ ಆಗಿತ್ತು."

ಅತ್ತೆ ನದಿ ನೋಡ್ತಾನೇ ಅಂದ್ರು, "ಗೊತ್ತು. ನಾನೂ ಒಬ್ಬರಿಗೆ ಸೊಸೆ ಆಗಿದ್ದವಳೇ."

ಅಷ್ಟೇ. ನಾಲ್ಕು ವರ್ಷ ನಾವು ಅಡುಗೆಮನೆಯಲ್ಲಿ ಉಪ್ಪು ಜಾಸ್ತಿ, ಖಾರ ಕಮ್ಮಿ ಅಂತ ಮಾತಾಡಿದ್ದೆಲ್ಲ ಆ ದೋಣಿಯಲ್ಲಿ ತೇಲಿಹೋದ ಹಾಗೆ ಅನಿಸಿತು.

ತುಕ್-ತುಕ್ಕಿಗೆ ಹತ್ತೋ ಮುಂಚೆ ರೇಟು ಮಾತಾಡಿಕೊಂಡು (ಮೀಟರ್ ಇರಲ್ಲ, ಮೊದಲೇ ಕೇಳಿ) ಪಾಕ್ ಖ್ಲೋಂಗ್ ತಲಾತ್‌ಗೆ ಹೋದ್ವಿ. ಹಗಲೂ ರಾತ್ರಿ ನಡೆಯೋ ಹೂವಿನ ಮಾರುಕಟ್ಟೆ. ಗುಡ್ಡೆ ಗುಡ್ಡೆ ಚೆಂಡುಹೂವು, ಕಟ್ಟು ಕಟ್ಟು ತಾವರೆ ಮೊಗ್ಗು, ಆರ್ಕಿಡ್. ಮಲ್ಲಿಗೆ ಮೊಗ್ಗಿನ ಪುಟ್ಟ ಪುಟ್ಟ ಹಾರಗಳಿಗೆ ಅವರು 'ಮಾಲೈ' ಅಂತಾರೆ, ನಮ್ಮ ಮಾಲೆನೇ. ಅತ್ತೆ ಒಂದು ಅಂಗಡಿ ಮುಂದೆ ನಿಂತು ಕನ್ನಡದಲ್ಲೇ "ಎರಡು ಮೊಳ ಕೊಡಮ್ಮ" ಅಂದು ಮೊಳಕೈ ಚಾಚಿದ್ರು. ಅಂಗಡಿಯ ಹುಡುಗಿ ನಕ್ಕು, ಮೊಳ ಗಿಳ ಏನೂ ಇಲ್ಲ ಅನ್ನೋ ಹಾಗೆ ಒಂದು ಹಾರವನ್ನ ಅತ್ತೆಯ ಮೊಳಕೈಗೇ ಹಾಕಿದಳು. ದೇವರಿಗೆ ಕೊಡೋ ಹೂವು ಅದು, ಮುಡಿಯೋದಲ್ಲ ಅಂತ ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಾಯ್ತು. ಹೋಟೆಲ್ ರೂಮಿನ ಟೇಬಲ್ ಮೇಲೆ, ಪರ್ಸಿನಲ್ಲಿದ್ದ ಮಾವನ ಪುಟ್ಟ ಫೋಟೋಗೆ ಅದನ್ನ ಹಾಕಿದ್ರು.

ದಾರಿಯಲ್ಲಿ ಮಾವಿನಹಣ್ಣಿನ ಜೊತೆ ತೆಂಗಿನಹಾಲಿನ ಅಂಟು ಅನ್ನ ತಿಂದ್ವಿ. ಒಂದು ತುತ್ತು ಬಾಯಿಗಿಟ್ಟು ಅತ್ತೆ ತೀರ್ಪು ಕೊಟ್ರು. "ಕಾಯಿಹಾಲು ಚೆನ್ನಾಗಿದೆ. ಆದ್ರೂ ನಮ್ಮ ಮರದ್ದಷ್ಟಿಲ್ಲ."

ರಾತ್ರಿ ಗಂಡನಿಗೆ ನಾನೇ ಹೇಳಿದೆ. ಸುಲಭ ಆಗಲಿಲ್ಲ. "ಇನ್ನೊಂದ್ಸಲ ಬಿದ್ರೆ? ಆಗ ಯಾರು ಜವಾಬ್ದಾರಿ?" ಅಂದ. ಅವನ ಪ್ರಶ್ನೆಯೂ ಸುಳ್ಳಲ್ಲ. "ಅದನ್ನ ಅವರನ್ನೇ ಕೇಳು" ಅಂದೆ. ಪಕ್ಕದ ರೂಮಿಗೆ ಹೋದ. ಒಂದು ಗಂಟೆ ಆದ ಮೇಲೆ ಕಣ್ಣು ಕೆಂಪು ಮಾಡ್ಕೊಂಡು ಬಂದ. ಮರುದಿನ ಬೆಳಿಗ್ಗೆ ಅಡ್ವಾನ್ಸ್ ಬೇಡ ಅಂತ ಪಾರ್ಟಿಗೆ ಫೋನ್ ಮಾಡಿದ.

ಈಗ ಅರಸೀಕೆರೆಯ ಬಚ್ಚಲಲ್ಲಿ ಜಾರದ ಟೈಲ್ಸ್ ಇದೆ, ಗೋಡೆಗೆ ಹಿಡ್ಕೊಳ್ಳೋಕೆ ಸ್ಟೀಲ್ ಪೈಪು ಹಾಕಿಸಿದೀವಿ. ಪಕ್ಕದ ಮನೆಯವರ ಹತ್ರ ಒಂದು ಕೀ ಇದೆ. ಬೆಳಿಗ್ಗೆ ಏಳಕ್ಕೆ ಅತ್ತೆ ನನಗೆ ಫೋನ್ ಮಾಡಬೇಕು, ಏಳೂಕಾಲಾದ್ರೂ ಬರದಿದ್ರೆ ನಾನು ಮಾಡ್ತೀನಿ. ಇದು ಶಾಶ್ವತ ಪರಿಹಾರ ಅಂತ ಹೇಳಲ್ಲ. ಮುಂದೊಂದು ದಿನ ಅವರು ನಮ್ಮ ಜೊತೆ ಬಂದಿರಬೇಕಾಗಬಹುದು. ಅವತ್ತು ಆ ಎರಡನೇ ರೂಮಿನಿಂದ ನನ್ನ ಟೇಬಲ್ಲು ಹೊರಗೆ ಬರುತ್ತೆ. ಆದ್ರೆ ಅವತ್ತೂ ಮೊದಲು ಅವರನ್ನ ಕೇಳ್ತೀವಿ.

ನಿಮ್ಮ ಮನೆಯಲ್ಲೂ ಇಂಥದೊಂದು ಲೆಕ್ಕಾಚಾರ ನಡೀತಿದ್ರೆ, ರೇಟು, ಲಾರಿ, ರೂಮು ಎಲ್ಲಕ್ಕಿಂತ ಮೊದಲು ಆ ಒಂದು ಪ್ರಶ್ನೆ ಕೇಳಿಬಿಡಿ. ಬ್ಯಾಂಕಾಕಿಗೇ ಹೋಗಬೇಕು ಅಂತಿಲ್ಲ. ಕಾಲು ಒತ್ತುತ್ತಾ ಕೇಳಿದ್ರೂ ಆಗುತ್ತೆ.

ಹೋದ ವಾರ ಅರಸೀಕೆರೆಗೆ ಹೋಗಿದ್ವಿ. ಹೊರಡೋವಾಗ ಅತ್ತೆ ನನ್ನ ಕೈಗೆ ಹತ್ತು ರೂಪಾಯಿ ನಾಣ್ಯ ತುರುಕಿದ್ರು.

"ಇದೇನತ್ತೆ?"

"ಅವತ್ತಿನ ನಾಲ್ಕು ಬಾತ್. ಬುದ್ಧನ ಹತ್ರ ಸೊಸೆಯ ಸಾಲ ಇಟ್ಕೊಂಡಿರಬಾರದು."